ಕೆಂಪು ಚಿನ್ನ, ನೀಲಿ ಚಿನ್ನ: ಬೆಳಕನ್ನು ಹಿಡಿದಿಡುವ ನ್ಯಾನೊ ಲೋಹಗಳು

ಕಡೂರು, ತರೀಕೆರೆ, ಅಜ್ಜಂಪುರ – ಈ ಮೂರೂ ಊರುಗಳ ಪೇಟೆಬೀದಿಗಳಲ್ಲಿ ಚಿನ್ನಬೆಳ್ಳಿ ಅಂಗಡಿಗಳಿವೆ. ಅಲ್ಲಿನ ಅಕ್ಕಸಾಲಿಗರನ್ನು ಚಿನ್ನದ ಬಣ್ಣ ಯಾವುದೆಂದು ಕೇಳಿದರೆ ನಗುತ್ತಾರೆ. ಒರೆಗಲ್ಲಿನ ಮೇಲೆ ಎಳೆದ ಗೆರೆಯ ಹಳದಿಯನ್ನು ನೋಡಿಯೇ ಚಿನ್ನದ ಗುಣಮಟ್ಟವನ್ನು ಹೇಳಬಲ್ಲ ಅನುಭವಿಗಳು ಅವರು. ಆದರೆ ಅದೇ ಬೀದಿಯ ಔಷಧಿ ಅಂಗಡಿಯಲ್ಲೂ ಚಿನ್ನ ಮಾರಾಟವಾಗುತ್ತದೆ, ಅದರ ಬಣ್ಣ ಮಾತ್ರ ಕೆಂಪು ಎಂದರೆ ಅವರು ನಂಬುವುದು ಕಷ್ಟ.

ಮನೆಯಲ್ಲೇ ಗರ್ಭಧಾರಣೆಯನ್ನು ಪರೀಕ್ಷಿಸಿಕೊಳ್ಳುವ ಪಟ್ಟಿಯನ್ನು ನೀವು ನೋಡಿರಬಹುದು. ಆಶಾ ಕಾರ್ಯಕರ್ತೆಯರ ಚೀಲದಲ್ಲಿಯೂ ಅದು ಇರುತ್ತದೆ. 2020ರ ನಂತರ ಕೋವಿಡ್ ಪತ್ತೆಗೆಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಬಳಸಿದ ರ‍್ಯಾಪಿಡ್ ಆಂಟಿಜೆನ್ ಪಟ್ಟಿಯೂ ಇದೇ ಜಾತಿಯದು. ದ್ರವದ ಕೆಲವು ಹನಿಗಳನ್ನು ಹಾಕಿದ ಕೆಲವೇ ನಿಮಿಷಗಳಲ್ಲಿ ಪಟ್ಟಿಯ ಮೇಲೆ ಕೆಂಪು ಗೆರೆ ಮೂಡುತ್ತದೆ. ಇಂಥ ಪಟ್ಟಿಗಳಲ್ಲಿ ಹೆಚ್ಚಿನವುಗಳ ಕೆಂಪು ಗೆರೆಗೆ ಕಾರಣ ಯಾವುದೇ ಶಾಯಿಯಲ್ಲ, ಚಿನ್ನ. ಸುಮಾರು 40 ನ್ಯಾನೊಮೀಟರ್ ವ್ಯಾಸದ ಚಿನ್ನದ ಕಣಗಳು ಅಲ್ಲಿ ಗುಂಪುಗೂಡಿರುತ್ತವೆ. ಒಂದು ನ್ಯಾನೊಮೀಟರ್ ಎಂದರೆ ಮಿಲಿಮೀಟರಿನ 10 ಲಕ್ಷದಲ್ಲಿ ಒಂದು ಭಾಗ.

ಹಳದಿ ಚಿನ್ನ ಕೆಂಪಾದದ್ದು ಹೇಗೆ? ಈ ಪ್ರಶ್ನೆಯ ಬೆನ್ನು ಹತ್ತಿ ಹೋದರೆ ಭೌತವಿಜ್ಞಾನದ ಒಂದು ಸ್ವಾರಸ್ಯಕರ ಶಾಖೆಗೆ ತಲುಪುತ್ತೇವೆ. ಅದರ ಹೆಸರು ಪ್ಲಾಸ್ಮಾನಿಕ್ಸ್. ಲೋಹದ ಅತಿಸೂಕ್ಷ್ಮ ರಚನೆಗಳನ್ನು ಬಳಸಿ, ಬೆಳಕು ಸಾಮಾನ್ಯವಾಗಿ ಹೊಗಲಾರದಷ್ಟು ಕಿರಿದಾದ ಜಾಗದಲ್ಲಿ ಅದನ್ನು ಹಿಡಿದಿಡುವ, ಬೇಕಾದಂತೆ ಬಳಸುವ ವಿದ್ಯೆ ಇದು.

ಬೆಳಕಿನ ಮಿತಿ

ತರೀಕೆರೆಯಿಂದ ಸ್ವಲ್ಪ ದೂರದ ಅಮೃತಾಪುರದಲ್ಲಿ 1196ರಲ್ಲಿ ಕಟ್ಟಿದ ಅಮೃತೇಶ್ವರ ದೇವಾಲಯವಿದೆ. ಅದರ ಮಂಟಪದ ಕಡೆದ ಕಂಬಗಳು ಇಂದಿಗೂ ಹೊಳೆಯುತ್ತವೆ. ಅಂಥ ಕಂಬದ ಮೈ ನಿಜವಾಗಿ ಸಮತಟ್ಟಾಗಿದೆಯೆ? ಇಲ್ಲ. ಪ್ರಬಲ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗೀರು, ಗುಳಿಗಳು ಕಾಣುತ್ತವೆ. ಆದರೆ ಅವುಗಳಲ್ಲಿ ಬಹುಪಾಲು ಬೆಳಕಿನ ತರಂಗದೂರಕ್ಕಿಂತ ಚಿಕ್ಕವಾಗಿದ್ದರೆ ಬೆಳಕು ಅವನ್ನು ಗಮನಿಸುವುದೇ ಇಲ್ಲ. ಅದರ ಮಟ್ಟಿಗೆ ಆ ಮೈ ನುಣುಪು.

ಕಣ್ಣಿಗೆ ಕಾಣುವ ಬೆಳಕಿನ ತರಂಗದೂರ ಸುಮಾರು 400ರಿಂದ 700 ನ್ಯಾನೊಮೀಟರ್. ಎಷ್ಟೇ ಉತ್ತಮ ಮಸೂರದಿಂದಲೂ ಬೆಳಕನ್ನು ತರಂಗದೂರದ ಸುಮಾರು ಅರ್ಧಕ್ಕಿಂತ ಚಿಕ್ಕ ಚುಕ್ಕೆಯಾಗಿ ಕೂಡಿಸಲು ಆಗುವುದಿಲ್ಲ. ಇದನ್ನು 1873ರಲ್ಲಿ ಜರ್ಮನಿಯ ಅರ್ನ್‌ಸ್ಟ್ ಅಬೆ ತೋರಿಸಿಕೊಟ್ಟರು. ಇದೇ ವಿವರ್ತನೆಯ ಮಿತಿ. 500 ನ್ಯಾನೊಮೀಟರ್ ತರಂಗದೂರದ ಹಸಿರು ಬೆಳಕಿಗೆ ಈ ಮಿತಿ 200ರಿಂದ 250 ನ್ಯಾನೊಮೀಟರಿನಷ್ಟು. ಒಂದು ಸಾಧಾರಣ ಪ್ರೋಟೀನ್ ಅಣುವಿನ ಗಾತ್ರ 5 ನ್ಯಾನೊಮೀಟರಿನ ಆಸುಪಾಸು. ಮಸೂರ ಹಿಡಿದು ಬೆಳಕಿನಿಂದ ಒಂದೇ ಅಣುವನ್ನು ಮುಟ್ಟಲು ಹೊರಡುವುದೆಂದರೆ, ಕರಿಹಲಗೆಯ ಸೀಮೆಸುಣ್ಣದಿಂದ ಅಕ್ಕಿ ಕಾಳಿನ ಮೇಲೆ ಅಕ್ಷರ ಬರೆಯಲು ಹೊರಟ ಹಾಗೆ.

ಹಾಗಾದರೆ ದೊಡ್ಡ ತರಂಗವನ್ನು ಚಿಕ್ಕ ಜಾಗಕ್ಕೆ ಇಳಿಸುವ ದಾರಿಯೇ ಇಲ್ಲವೆ? ಇದೆ, ಮತ್ತು ಅದನ್ನು ನಾವು ಮನೆಯಲ್ಲೇ ಕಂಡಿದ್ದೇವೆ. ನಮ್ಮ ಬಾಲ್ಯದಲ್ಲಿ ಈ ಭಾಗದ ಮನೆಗಳಲ್ಲಿ ಬೆಳಗಾಗುತ್ತಿದ್ದುದೇ ಭದ್ರಾವತಿ ಆಕಾಶವಾಣಿಯಿಂದ. ಅದರ ಮಧ್ಯಮ ತರಂಗದ ಆವೃತ್ತಿ 675 ಕಿಲೋಹರ್ಟ್ಸ್. ಬೆಳಕಿನ ವೇಗವನ್ನು ಈ ಆವೃತ್ತಿಯಿಂದ ಭಾಗಿಸಿ ನೋಡಿ. ತರಂಗದೂರ ಸುಮಾರು 444 ಮೀಟರ್. ಹೆಚ್ಚು ಕಡಿಮೆ ಅರ್ಧ ಕಿಲೋಮೀಟರ್ ಉದ್ದದ ತರಂಗವನ್ನು ಅಂಗೈ ಅಗಲದ ಟ್ರಾನ್ಸಿಸ್ಟರ್ ಹಿಡಿಯುತ್ತಿತ್ತು! ಅದರೊಳಗಿನ ಫೆರೈಟ್ ಕಡ್ಡಿ, ಅದಕ್ಕೆ ಸುತ್ತಿದ ತಾಮ್ರದ ತಂತಿ ಮತ್ತು ಕೆಪಾಸಿಟರ್ ಸೇರಿ ಆ ಆವೃತ್ತಿಗೆ ಅನುರಣಿಸುತ್ತಿದ್ದವು. ತಂತಿಯ ಎಲೆಕ್ಟ್ರಾನುಗಳು ತರಂಗದ ತಾಳಕ್ಕೆ ಸರಿಯಾಗಿ ಹಿಂದೆ ಮುಂದೆ ಹರಿದು, ದೊಡ್ಡ ತರಂಗದ ಶಕ್ತಿಯನ್ನು ಚಿಕ್ಕ ಜಾಗಕ್ಕೆ ತರುತ್ತಿದ್ದವು. ನ್ಯಾನೊ ಗಾತ್ರದ ಲೋಹದ ಕಣ ಬೆಳಕಿಗೆ ಮಾಡುವುದೂ ಸ್ಥೂಲವಾಗಿ ಇದನ್ನೇ. ಅದು ಬೆಳಕಿನ ಆಂಟೆನಾ.

ಕಣದೊಳಗೆ ನಡೆಯುವುದೇನು?

ಲೋಹಗಳಲ್ಲಿ ಮುಕ್ತ ಎಲೆಕ್ಟ್ರಾನುಗಳಿರುತ್ತವೆ ಎಂಬುದು ಪ್ರೌಢಶಾಲೆಯ ಪಾಠ. 20 ನ್ಯಾನೊಮೀಟರ್ ವ್ಯಾಸದ ಚಿನ್ನದ ಗೋಲವೊಂದನ್ನು ಕಲ್ಪಿಸಿಕೊಳ್ಳಿ. ಚಿನ್ನದ ಸಾಂದ್ರತೆಯಿಂದ ಲೆಕ್ಕ ಹಾಕಿದರೆ ಅದರಲ್ಲಿ ಸುಮಾರು ಎರಡೂವರೆ ಲಕ್ಷ ಪರಮಾಣುಗಳಿರುತ್ತವೆ. ಪರಮಾಣುವಿಗೆ ಒಂದರಂತೆ ಅಷ್ಟೇ ಮುಕ್ತ ಎಲೆಕ್ಟ್ರಾನುಗಳು. ಬೆಳಕಿನ ತರಂಗದೂರಕ್ಕೆ ಹೋಲಿಸಿದರೆ ಗೋಲ ತೀರ ಚಿಕ್ಕದು. ಆದ್ದರಿಂದ ಯಾವುದೇ ಕ್ಷಣದಲ್ಲಿ ಬೆಳಕಿನ ವಿದ್ಯುತ್‌ಕ್ಷೇತ್ರ ಇಡೀ ಗೋಲದ ಮೇಲೆ ಒಂದೇ ದಿಕ್ಕಿನಲ್ಲಿರುತ್ತದೆ. ಎಲೆಕ್ಟ್ರಾನುಗಳೆಲ್ಲ ಒಟ್ಟಾಗಿ ಒಂದು ಬದಿಗೆ ಸರಿಯುತ್ತವೆ. ಇನ್ನೊಂದು ಬದಿಯಲ್ಲಿ ಧನವಿದ್ಯುತ್ತು ಉಳಿಯುತ್ತದೆ. ಅದು ಎಲೆಕ್ಟ್ರಾನುಗಳನ್ನು ಮರಳಿ ಸೆಳೆಯುತ್ತದೆ. ಅಷ್ಟರಲ್ಲಿ ಬೆಳಕಿನ ಕ್ಷೇತ್ರವೂ ದಿಕ್ಕು ಬದಲಿಸುತ್ತದೆ. ಹೀಗೆ ಎಲೆಕ್ಟ್ರಾನುಗಳ ಸಮೂಹ ಅತ್ತಿಂದಿತ್ತ ತೂಗಾಡತೊಡಗುತ್ತದೆ. ಈ ಸಾಮೂಹಿಕ ಆಂದೋಲನವೇ ಪ್ಲಾಸ್ಮಾನ್.

ಕಡೂರಿನ ಬಯಲು ಸೀಮೆಯಲ್ಲಿ ಬೇಸಿಗೆಯಲ್ಲಿ ನೀರು ಹೊತ್ತವರಿಗೆ ಒಂದು ಅನುಭವವಿರುತ್ತದೆ. ಬಕೆಟ್ ತುಂಬ ನೀರು ಹಿಡಿದು ನಡೆಯುವಾಗ ನಿಧಾನವಾಗಿ ಹೋದರೆ ನೀರು ಚೆಲ್ಲುವುದಿಲ್ಲ. ಒಂದು ನಿರ್ದಿಷ್ಟ ಗತಿಯಲ್ಲಿ ಹೆಜ್ಜೆ ಹಾಕಿದರೆ ಮಾತ್ರ ನೀರು ಓಲಾಡಿ ಎರಡೂ ಕಡೆ ಚೆಲ್ಲುತ್ತದೆ. ಹೆಜ್ಜೆಯ ಆವೃತ್ತಿ ನೀರಿನ ಸ್ವಾಭಾವಿಕ ಓಲಾಟದ ಆವೃತ್ತಿಗೆ ಹೊಂದಿಕೊಂಡಿತು ಎಂದರ್ಥ. ಇದೇ ಅನುರಣನೆ. ಚಿನ್ನದ ಕಣವನ್ನು ಬಕೆಟ್ ಎಂದುಕೊಂಡರೆ ಎಲೆಕ್ಟ್ರಾನುಗಳು ಅದರೊಳಗಿನ ನೀರು, ಬೆಳಕು ನಮ್ಮ ನಡಿಗೆ.

ಈ ಹೋಲಿಕೆಯನ್ನು ತರಗತಿಯಲ್ಲಿ ಬಳಸುವ ಶಿಕ್ಷಕರು ಅದರ ಮಿತಿಯನ್ನೂ ಹೇಳಬೇಕು. ಬಕೆಟ್ಟಿನ ನೀರನ್ನು ಮರಳಿ ಸೆಳೆಯುವುದು ಗುರುತ್ವ. ಇಲ್ಲಿ ಸೆಳೆಯುವುದು ವಿದ್ಯುತ್ತಿನ ಆಕರ್ಷಣೆ. ಬಕೆಟ್ ದೊಡ್ಡದಾದರೆ ಓಲಾಟ ನಿಧಾನವಾಗುತ್ತದೆ. ಆದರೆ ತೀರ ಚಿಕ್ಕ ಲೋಹದ ಗೋಲಗಳಲ್ಲಿ ಅನುರಣನೆಯ ಆವೃತ್ತಿ ಗಾತ್ರವನ್ನು ಅಷ್ಟಾಗಿ ಅವಲಂಬಿಸುವುದಿಲ್ಲ. ಅದನ್ನು ನಿರ್ಧರಿಸುವುದು ಲೋಹ ಯಾವುದು, ಕಣದ ಆಕಾರ ಎಂಥದು, ಸುತ್ತ ಇರುವ ಮಾಧ್ಯಮ ಯಾವುದು ಎಂಬ ಮೂರು ಸಂಗತಿಗಳು.

ಪದವಿ ವಿದ್ಯಾರ್ಥಿಗಳಿಗಾಗಿ ಇದನ್ನು ಸ್ವಲ್ಪ ನಿಖರವಾಗಿ ಹೇಳಬಹುದು. ಲೋಹದ ಡೈಎಲೆಕ್ಟ್ರಿಕ್ ಸ್ಥಿರಾಂಕವು ಬೆಳಕಿನ ಆವೃತ್ತಿಯೊಂದಿಗೆ ಬದಲಾಗುತ್ತದೆ ಮತ್ತು ಗೋಚರ ಬೆಳಕಿನಲ್ಲಿ ಚಿನ್ನಬೆಳ್ಳಿಗಳಿಗೆ ಅದು ಋಣ ಸಂಖ್ಯೆ. ಆ ಸಂಖ್ಯೆಯು ಸುತ್ತಲಿನ ಮಾಧ್ಯಮದ ಸ್ಥಿರಾಂಕದ ಋಣ ಎರಡರಷ್ಟಾದಾಗ ಚಿಕ್ಕ ಗೋಲವು ಅನುರಣಿಸುತ್ತದೆ. ನೀರಿನ ವಕ್ರೀಭವನ ಸೂಚ್ಯಂಕ 1.33. ಅದರ ವರ್ಗ ಸುಮಾರು 1.77. ಹಾಗಾದರೆ ಲೋಹದ ಸ್ಥಿರಾಂಕ ಋಣ 3.5ರ ಸುಮಾರಿಗೆ ಬರಬೇಕು. ಚಿನ್ನಕ್ಕೆ ಅಳೆದ ಬೆಲೆ 520 ನ್ಯಾನೊಮೀಟರಿನಲ್ಲಿ ಋಣ 4ರ ಹತ್ತಿರವಿದೆ. ಬೆಳ್ಳಿಗೆ ಇದು ಆಗುವುದು 380–390 ನ್ಯಾನೊಮೀಟರ್ ಆಸುಪಾಸಿನಲ್ಲಿ.

ಈಗ ಬಣ್ಣದ ಒಗಟು ಬಿಡಿಸುತ್ತದೆ. ನೀರಿನಲ್ಲಿರುವ ಚಿನ್ನದ ಕಣಗಳು 520 ನ್ಯಾನೊಮೀಟರ್ ಸುತ್ತಲಿನ ಹಸಿರು ಬೆಳಕನ್ನು ಬಲವಾಗಿ ಹೀರುತ್ತವೆ. ಹಾಯ್ದು ಬರುವ ಬೆಳಕಿನಲ್ಲಿ ಕೆಂಪು ಮೇಲುಗೈ ಪಡೆಯುತ್ತದೆ. ಬೆಳ್ಳಿಯ ಕಣಗಳು ನೇರಳೆಯನ್ನು ಹೀರುವುದರಿಂದ ಬೆಳ್ಳಿಯ ಕಲಿಲ ಹಳದಿಯಾಗಿ ಕಾಣುತ್ತದೆ. ನ್ಯಾನೊ ಲೋಕದಲ್ಲಿ ಹಳದಿ ಎಂದರೆ ಬೆಳ್ಳಿ, ಕೆಂಪು ಎಂದರೆ ಚಿನ್ನ!

ಕಂಡವರು, ವಿವರಿಸಿದವರು

ಕಾರಣ ತಿಳಿಯುವ ಮೊದಲೇ ಕುಶಲಕರ್ಮಿಗಳು ಈ ಬಣ್ಣಗಳನ್ನು ಬಳಸಿದ್ದರು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಕ್ರಿಸ್ತಶಕ 4ನೆಯ ಶತಮಾನದ ಲೈಕರ್ಗಸ್ ಬಟ್ಟಲು ಎಂಬ ರೋಮನ್ ಗಾಜಿನ ಪಾತ್ರೆಯಿದೆ. ಹೊರಗಿನಿಂದ ಬೆಳಕು ಬಿದ್ದಾಗ ಅದು ಹಸಿರು, ಒಳಗಿನಿಂದ ಬೆಳಗಿಸಿದಾಗ ಕೆಂಪು. ಗಾಜಿನಲ್ಲಿ ಅತಿ ಅಲ್ಪ ಪ್ರಮಾಣದಲ್ಲಿ ಬೆರೆತ ಚಿನ್ನ ಮತ್ತು ಬೆಳ್ಳಿಯ ನ್ಯಾನೊಕಣಗಳೇ ಇದಕ್ಕೆ ಕಾರಣ.

ಇದನ್ನು ವಿಜ್ಞಾನದ ಪ್ರಶ್ನೆಯನ್ನಾಗಿ ಮಾಡಿದವರು ಮೈಕೆಲ್ ಫ್ಯಾರಡೆ. 1857ರಲ್ಲಿ ಅವರು ಚಿನ್ನದ ಲವಣದಿಂದ ಮಾಣಿಕ್ಯದಂಥ ಕೆಂಪು ದ್ರವವನ್ನು ತಯಾರಿಸಿದರು. ಅದು ಅತಿ ಸಣ್ಣದಾಗಿ ಒಡೆದ ಚಿನ್ನವೇ ಹೊರತು ಬೇರೆ ಸಂಯುಕ್ತವಲ್ಲ ಎಂದು ಅವರು ತರ್ಕಿಸಿದರು. ಆ ದ್ರವಕ್ಕೆ ಉಪ್ಪು ಬೆರೆಸಿದರೆ ನೀಲಿಗೆ ತಿರುಗುವುದನ್ನೂ ಅವರು ಗುರುತಿಸಿದ್ದರು. 1908ರಲ್ಲಿ ಗುಸ್ತಾವ್ ಮೀ ಅವರು ಮ್ಯಾಕ್ಸ್‌ವೆಲ್ ಸಮೀಕರಣಗಳನ್ನು ಗೋಲಾಕಾರದ ಕಣಕ್ಕೆ ಅನ್ವಯಿಸಿ ಈ ಬಣ್ಣಗಳನ್ನು ಲೆಕ್ಕದಿಂದಲೇ ಪಡೆದರು. 1950ರ ದಶಕದಲ್ಲಿ ಡೇವಿಡ್ ಬೋಮ್ ಮತ್ತು ಡೇವಿಡ್ ಪೈನ್ಸ್ ಲೋಹದಲ್ಲಿನ ಎಲೆಕ್ಟ್ರಾನುಗಳ ಸಾಮೂಹಿಕ ಆಂದೋಲನದ ಸಿದ್ಧಾಂತವನ್ನು ಬೆಳೆಸಿದರು. 1957ರಲ್ಲಿ ರೂಫಸ್ ರಿಚಿ ಲೋಹದ ಮೇಲ್ಮೈಯಲ್ಲೂ ಇಂಥ ಆಂದೋಲನಗಳು ಇರಬೇಕೆಂದು ಲೆಕ್ಕ ಹಾಕಿ ತೋರಿಸಿದರು.

ಚಪ್ಪಟೆಯಾದ ಲೋಹದ ಪದರದ ಮೇಲೆ ಬೆಳಕು ಅಂಟಿಕೊಂಡಂತೆ ಸಾಗುವ ಈ ಬಗೆಯನ್ನು ಎಬ್ಬಿಸುವ ಸರಳ ಉಪಾಯಗಳನ್ನು 1968ರಲ್ಲಿ ಜರ್ಮನಿಯ ಆಂಡ್ರಿಯಾಸ್ ಆಟೊ ಅವರೂ, ಪ್ರತ್ಯೇಕವಾಗಿ ಎರಿಕ್ ಕ್ರೆಷ್‌ಮನ್ ಮತ್ತು ಹೈನ್ಸ್ ರೇಥರ್ ಅವರೂ ಕಂಡುಕೊಂಡರು. ಗಾಜಿನ ಪಟ್ಟಕದ ಮೇಲೆ ಸುಮಾರು 50 ನ್ಯಾನೊಮೀಟರ್ ದಪ್ಪದ ಚಿನ್ನದ ಪದರ. ಪಟ್ಟಕದ ಒಳಗಿನಿಂದ ಒಂದು ನಿಶ್ಚಿತ ಕೋನದಲ್ಲಿ ಬೆಳಕು ಬಿದ್ದಾಗ ಪ್ರತಿಫಲನ ಥಟ್ಟನೆ ಕುಸಿಯುತ್ತದೆ. ಚಿನ್ನದ ಹೊರಮೈಗೆ ಒಂದು ಪದರದಷ್ಟು ಪ್ರೋಟೀನ್ ಅಂಟಿದರೂ ಆ ಕೋನ ಬದಲಾಗುತ್ತದೆ. ಔಷಧ ಸಂಶೋಧನೆಯ ಪ್ರಯೋಗಾಲಯಗಳಲ್ಲಿ ಅಣುಗಳು ಒಂದಕ್ಕೊಂದು ಅಂಟುವುದನ್ನು ಅಳೆಯುವ ಉಪಕರಣಗಳ ಆಧಾರ ಇದೇ.

ತರಗತಿಯಲ್ಲಿ ಒಂದು ಪ್ರಯೋಗ

ಪದವಿ ಕಾಲೇಜಿನ ರಸಾಯನವಿಜ್ಞಾನ ಪ್ರಯೋಗಾಲಯದಲ್ಲಿ ಕೆಂಪು ಚಿನ್ನವನ್ನು ತಯಾರಿಸಬಹುದು. ಬೇಕಾದದ್ದು ಕ್ಲೋರೊಆರಿಕ್ ಆಮ್ಲ, ಟ್ರೈಸೋಡಿಯಂ ಸಿಟ್ರೇಟ್ ಮತ್ತು ಬಟ್ಟಿ ಇಳಿಸಿದ ನೀರು. ಶೇಕಡಾ 0.01ರ ಕ್ಲೋರೊಆರಿಕ್ ಆಮ್ಲದ 50 ಮಿಲಿಲೀಟರ್ ದ್ರಾವಣವನ್ನು ಶುಚಿಯಾದ ಗಾಜಿನ ಪಾತ್ರೆಯಲ್ಲಿ ಕುದಿಸಿ, ಕಲಕುತ್ತ ಶೇಕಡಾ 1ರ ಸಿಟ್ರೇಟ್ ದ್ರಾವಣದ 1 ಮಿಲಿಲೀಟರನ್ನು ಸೇರಿಸಬೇಕು. ತಿಳಿ ಹಳದಿ ದ್ರವ ಮೊದಲು ಬಣ್ಣ ಕಳೆದುಕೊಂಡು, ಕಪ್ಪುನೀಲಿ ಛಾಯೆಗೆ ತಿರುಗಿ, ಕೆಲವು ನಿಮಿಷಗಳಲ್ಲಿ ಕೆಂಪಾಗುತ್ತದೆ. 1951ರಲ್ಲಿ ಜಾನ್ ಟರ್ಕೆವಿಚ್ ಮತ್ತು ಸಂಗಡಿಗರು ವಿವರವಾಗಿ ಅಭ್ಯಸಿಸಿದ, ಮುಂದೆ ಇತರರು ತಿದ್ದಿ ಬಳಕೆಗೆ ತಂದ ವಿಧಾನ ಇದು. ಕಣಗಳ ವ್ಯಾಸ ಸುಮಾರು 15–20 ನ್ಯಾನೊಮೀಟರ್.

ಚಿನ್ನವೆಂದು ಹೆದರಬೇಕಾಗಿಲ್ಲ. ಒಂದು ಗ್ರಾಂ ಲವಣದಿಂದ 10 ಲೀಟರ್ ಕೆಂಪು ದ್ರವವಾಗುತ್ತದೆ. ಇದರ ಒಂದು ಮಿಲಿಲೀಟರಿನಲ್ಲಿ, ಕಣಗಳ ವ್ಯಾಸ 20 ನ್ಯಾನೊಮೀಟರ್ ಎಂದುಕೊಂಡರೆ, ಸುಮಾರು 60,000 ಕೋಟಿ ಕಣಗಳಿರುತ್ತವೆ. ಈ ಲೆಕ್ಕವನ್ನು ವಿದ್ಯಾರ್ಥಿಗಳಿಂದಲೇ ಮಾಡಿಸಿ. ಕುದಿಯುವ ದ್ರವ ಮತ್ತು ಆಮ್ಲೀಯ ಲವಣವಾದ್ದರಿಂದ ಕೈಗವಸು, ಕನ್ನಡಕ ಕಡ್ಡಾಯ. ಲವಣವನ್ನು ಶಿಕ್ಷಕರೇ ನಿರ್ವಹಿಸಲಿ. ದ್ರವವನ್ನು ಯಾರೂ ಕುಡಿಯಬಾರದು.

ಈಗ ನಾಲ್ಕು ಪ್ರನಾಳಗಳಲ್ಲಿ ಸಮನಾಗಿ ಕೆಂಪು ದ್ರವವನ್ನು ತೆಗೆದುಕೊಳ್ಳಿ. ಒಂದಕ್ಕೆ ಬಟ್ಟಿ ಇಳಿಸಿದ ನೀರು, ಎರಡನೆಯದಕ್ಕೆ ಸಕ್ಕರೆ ನೀರು, ಮೂರನೆಯದಕ್ಕೆ ಉಪ್ಪು ನೀರು, ನಾಲ್ಕನೆಯದಕ್ಕೆ ನಿಮ್ಮ ಊರಿನ ಕೊಳವೆಬಾವಿಯ ನೀರನ್ನು ಅಷ್ಟಷ್ಟೇ ಹಾಕಿ. ಮೊದಲ ಎರಡು ತೆಳುವಾದರೂ ಕೆಂಪಾಗಿಯೇ ಉಳಿಯುತ್ತವೆ. ಉಪ್ಪು ಹಾಕಿದ್ದು ನೇರಳೆ, ನೀಲಿಗೆ ತಿರುಗುತ್ತದೆ. ಸಿಟ್ರೇಟ್ ಅಯಾನುಗಳು ಹೊದ್ದಿರುವ ಕಣಗಳೆಲ್ಲ ಋಣವಿದ್ಯುದಂಶ ಹೊತ್ತು ಒಂದನ್ನೊಂದು ದೂರ ತಳ್ಳುತ್ತಿರುತ್ತವೆ. ಉಪ್ಪಿನ ಅಯಾನುಗಳು ಈ ವಿಕರ್ಷಣೆಯನ್ನು ಮರೆಮಾಡುತ್ತವೆ. ಕಣಗಳು ಹತ್ತಿರ ಬಂದು ಗುಂಪುಗೂಡುತ್ತವೆ. ನೆರೆಹೊರೆಯ ಕಣಗಳ ಎಲೆಕ್ಟ್ರಾನುಗಳು ಈಗ ಜೊತೆಯಾಗಿ ತೂಗುವುದರಿಂದ ಆಂದೋಲನದ ಆವೃತ್ತಿ ಇಳಿಯುತ್ತದೆ. ಹೀರಿಕೆ ಹಸಿರಿನಿಂದ ಕೆಂಪಿನ ಕಡೆಗೆ ಜಾರುತ್ತದೆ. ಕೆಂಪು ಹೀರಿಹೋದ ಮೇಲೆ ಉಳಿಯುವುದು ನೀಲಿ.

ನಾಲ್ಕನೆಯ ಪ್ರನಾಳವೇ ಮುಖ್ಯವಾದದ್ದು. ಒಮ್ಮೆ ಉಪನ್ಯಾಸದ ಕೊನೆಯಲ್ಲಿ ಬಯಲು ಸೀಮೆಯ ಹಳ್ಳಿಯೊಂದರ ಶಿಕ್ಷಕರು ನನ್ನನ್ನು ಕೇಳಿದರು: "ಸಾರ್, ನಮ್ಮ ಬೋರ್ ನೀರಿನಲ್ಲಿ ಫ್ಲೋರೈಡ್ ಇದೆಯೋ ಇಲ್ಲವೋ ಅಂತ ಈ ಕೆಂಪು ನೀರು ಹೇಳುತ್ತದೆಯೇ?" ಅವರ ಪ್ರಶ್ನೆಯಲ್ಲಿ ಆತಂಕವಿತ್ತು. ಮಕ್ಕಳ ಹಲ್ಲಿನ ಮೇಲಿನ ಕಂದು ಕಲೆಗಳನ್ನು ದಿನವೂ ನೋಡುವವರ ಪ್ರಶ್ನೆ ಅದು. ಗಡಸು ನೀರನ್ನು ಹಾಕಿದರೆ ದ್ರವ ಖಂಡಿತವಾಗಿಯೂ ನೀಲಿಯಾಗಬಹುದು. ಆದರೆ ಅದಕ್ಕೆ ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಅಯಾನುಗಳೇ ಸಾಕು. ಫ್ಲೋರೈಡ್ ಮಿತಿಮೀರಿದ ನೀರು, ಫ್ಲೋರೈಡ್ ಇಲ್ಲದ ಗಡಸು ನೀರು ಎರಡೂ ಒಂದೇ ಬಣ್ಣ ಕೊಡಬಹುದು. ಆದ್ದರಿಂದ ನನ್ನ ಉತ್ತರ "ಇಲ್ಲ" ಎಂದಾಗಿತ್ತು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರದಿರಲಿ, ಬೇರೆ ಮೂಲವಿಲ್ಲದಿದ್ದರೆ ಹೆಚ್ಚೆಂದರೆ 1.5 ಮಿಲಿಗ್ರಾಂ ಎಂದು ಭಾರತೀಯ ಮಾನಕ ಹೇಳುತ್ತದೆ. ಅದನ್ನು ತಿಳಿಯಲು ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಮಾದರಿ ಕಳಿಸಬೇಕು.

ಇಲ್ಲಿ ಒಂದು ಪಾಠವಿದೆ. ಬಣ್ಣ ಬದಲಾಯಿತು ಎಂದರೆ ಕಣಗಳು ಹತ್ತಿರ ಬಂದವು ಎಂದಷ್ಟೇ ಅರ್ಥ. ಹತ್ತಿರ ತಂದವರು ಯಾರು ಎಂಬುದನ್ನು ಚಿನ್ನ ಹೇಳುವುದಿಲ್ಲ.

ಗುರುತು ಹಿಡಿಯುವವರು ಯಾರು?

ಹಾಗಾದರೆ ಗರ್ಭಧಾರಣೆಯ ಪಟ್ಟಿ ಹೇಗೆ ಖಚಿತವಾಗಿ ಹೇಳುತ್ತದೆ? ಅಲ್ಲಿ ಚಿನ್ನದ ಕಣಗಳ ಮೈಮೇಲೆ ಆಂಟಿಬಾಡಿ ಎಂಬ ಪ್ರೋಟೀನುಗಳನ್ನು ಅಂಟಿಸಿರುತ್ತಾರೆ. ಅವು ಗರ್ಭಿಣಿಯರ ಮೂತ್ರದಲ್ಲಿರುವ ಒಂದು ನಿರ್ದಿಷ್ಟ ಹಾರ್ಮೋನನ್ನು ಮಾತ್ರ ಹಿಡಿಯುತ್ತವೆ. ಪಟ್ಟಿಯಲ್ಲಿ ದ್ರವ ಹರಿಯುವಾಗ ಹಾರ್ಮೋನನ್ನು ಹಿಡಿದ ಕಣಗಳನ್ನು ಪರೀಕ್ಷಾ ಗೆರೆಯಲ್ಲಿರುವ ಇನ್ನೊಂದು ಆಂಟಿಬಾಡಿ ತಡೆದು ನಿಲ್ಲಿಸುತ್ತದೆ. ಹಾರ್ಮೋನ್ ಇಲ್ಲದಿದ್ದರೆ ಕಣಗಳು ಮುಂದೆ ಸಾಗಿ ನಿಯಂತ್ರಣ ಗೆರೆಯಲ್ಲಿ ಮಾತ್ರ ನಿಲ್ಲುತ್ತವೆ. ಗುರುತು ಹಿಡಿಯುವ ಕೆಲಸ ಆಂಟಿಬಾಡಿಯದು. ಅದನ್ನು ಕಣ್ಣಿಗೆ ಕಾಣಿಸುವ ಕೆಲಸ ಚಿನ್ನದ್ದು. ಪ್ಲಾಸ್ಮಾನ್ ಅನುರಣನೆಯಿಂದ ಚಿನ್ನದ ಕಣ ಬೆಳಕನ್ನು ಅತ್ಯಂತ ಬಲವಾಗಿ ಹೀರುವುದರಿಂದಲೇ ಅಷ್ಟು ಅಲ್ಪ ಚಿನ್ನ ಕಣ್ಣಿಗೆ ಗೆರೆಯಾಗಿ ತೋರುತ್ತದೆ.

ಆದರೂ ಬರಿಗಣ್ಣಿಗೆ ಕಾಣಬೇಕಾದರೆ ಗೆರೆಯಲ್ಲಿ ಸಾಕಷ್ಟು ಕಣಗಳು ಸೇರಲೇಬೇಕು. ವೈರಸ್ ಕಡಿಮೆಯಿದ್ದರೆ ಗೆರೆ ಮೂಡುವುದಿಲ್ಲ. ಕೋವಿಡ್ ಕಾಲದಲ್ಲಿ ರೋಗಲಕ್ಷಣಗಳಿದ್ದೂ ರ‍್ಯಾಪಿಡ್ ಪರೀಕ್ಷೆಯಲ್ಲಿ ನೆಗೆಟಿವ್ ಬಂದವರಿಗೆ ಆರ್‌ಟಿ–ಪಿಸಿಆರ್ ಪರೀಕ್ಷೆ ಮಾಡಿಸಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಸೂಚಿಸಿದ್ದು ಇದೇ ಕಾರಣಕ್ಕೆ. "ಗೆರೆ ಬರಲಿಲ್ಲ, ರೋಗವಿಲ್ಲ" ಎಂದು ನಂಬಿ ಓಡಾಡಿದ್ದರ ಪರಿಣಾಮವನ್ನು ನಾವೆಲ್ಲ ಕಂಡಿದ್ದೇವೆ.

ರಾಮನ್ ಪರಿಣಾಮಕ್ಕೆ ಬಲ ಬಂದದ್ದು

ಆಂಟಿಬಾಡಿಯ ನೆರವಿಲ್ಲದೆ ಅಣುವೇ ತನ್ನ ಗುರುತನ್ನು ಹೇಳುವಂತೆ ಮಾಡುವ ವಿಧಾನವೊಂದಿದೆ. ಅದು ನಮ್ಮ ರಾಜ್ಯದೊಂದಿಗೆ ಹತ್ತಿರದ ನಂಟುಳ್ಳದ್ದು. 1928ರ ಫೆಬ್ರವರಿ 28ರಂದು ಕಲ್ಕತ್ತೆಯಲ್ಲಿ ಸಿ. ವಿ. ರಾಮನ್ ಅವರು ಕಂಡ ಚದರಿಕೆಯ ಪರಿಣಾಮ ಎಲ್ಲರಿಗೂ ಗೊತ್ತು. ಅಣುವಿನ ಕಂಪನಗಳಿಗೆ ಅನುಗುಣವಾಗಿ ಚದರಿದ ಬೆಳಕಿನ ಆವೃತ್ತಿ ಬದಲಾಗುತ್ತದೆ. ಆ ಬದಲಾವಣೆಗಳ ರೋಹಿತ ಅಣುವಿನ ಬೆರಳಚ್ಚು ಇದ್ದಂತೆ. ರಾಮನ್ 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದರು. 1948ರಲ್ಲಿ ತಮ್ಮದೇ ಸಂಶೋಧನಾ ಸಂಸ್ಥೆಯನ್ನು ಸ್ಥಾಪಿಸಿದರು. 1970ರಲ್ಲಿ ತೀರಿಕೊಳ್ಳುವವರೆಗೂ ಬೆಂಗಳೂರಿನಲ್ಲೇ ಇದ್ದರು.

ಈ ಪರಿಣಾಮದ ಒಂದು ಕೊರತೆಯೆಂದರೆ ಅದು ತೀರ ದುರ್ಬಲ. ಕೋಟಿ ಫೋಟಾನುಗಳು ಚದರಿದರೆ ಒಂದೋ ಎರಡೋ ಫೋಟಾನು ಹೀಗೆ ಆವೃತ್ತಿ ಬದಲಿಸುತ್ತದೆ. 1974ರಲ್ಲಿ, ರಾಮನ್ ತೀರಿಕೊಂಡ ನಾಲ್ಕು ವರ್ಷಗಳ ನಂತರ, ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿ ಫ್ಲೈಷ್‌ಮನ್, ಹೆಂಡ್ರ ಮತ್ತು ಮೆಕ್‌ಕ್ವಿಲನ್ ಒರಟಾಗಿಸಿದ ಬೆಳ್ಳಿಯ ಮೇಲೆ ಪಿರಿಡೀನ್ ಅಣುಗಳ ರಾಮನ್ ರೋಹಿತ ಪ್ರಬಲವಾಗಿ ಕಾಣುವುದನ್ನು ಗಮನಿಸಿದರು. ಒರಟು ಮೈಯ ವಿಸ್ತೀರ್ಣ ಹೆಚ್ಚು, ಅದಕ್ಕೇ ಹೆಚ್ಚು ಅಣುಗಳು ಅಂಟಿವೆ ಎಂದು ಅವರು ಭಾವಿಸಿದರು. 1977ರಲ್ಲಿ ಎರಡು ತಂಡಗಳು – ಜೀನ್‌ಮೇರ್ ಮತ್ತು ವಾನ್ ಡೈನ್ ಅವರದೊಂದು, ಆಲ್ಬ್ರೆಕ್ಟ್ ಮತ್ತು ಕ್ರೈಟನ್ ಅವರದಿನ್ನೊಂದು – ವಿಸ್ತೀರ್ಣದಿಂದ ಈ ಹೆಚ್ಚಳವನ್ನು ವಿವರಿಸಲು ಸಾಧ್ಯವಿಲ್ಲ, ಹೆಚ್ಚಳ ಹತ್ತು ಲಕ್ಷ ಪಟ್ಟಿನ ಆಸುಪಾಸಿನದು ಎಂದು ತೋರಿಸಿದವು.

ಬೆಳ್ಳಿಯ ಮೈಯ ನ್ಯಾನೊ ಗಾತ್ರದ ಉಬ್ಬುತಗ್ಗುಗಳೇ ಆಂಟೆನಾಗಳಾಗಿದ್ದವು. ಎರಡು ಕಣಗಳ ನಡುವಿನ ಕೆಲವೇ ನ್ಯಾನೊಮೀಟರ್ ಸಂದಿಯಲ್ಲಿ ವಿದ್ಯುತ್‌ಕ್ಷೇತ್ರ ನೂರು ಪಟ್ಟು ಹೆಚ್ಚಿದೆ ಎಂದುಕೊಳ್ಳಿ. ಒಳಬರುವ ಬೆಳಕಿನ ತೀವ್ರತೆ ಕ್ಷೇತ್ರದ ವರ್ಗದಂತೆ ಹತ್ತು ಸಾವಿರ ಪಟ್ಟು ಹೆಚ್ಚುತ್ತದೆ. ಅಣು ಹೊರಸೂಸುವ ಬೆಳಕಿಗೂ ಅದೇ ಆಂಟೆನಾ ಹೆಚ್ಚು ಕಡಿಮೆ ಅಷ್ಟೇ ನೆರವಾಗುತ್ತದೆ. ಒಟ್ಟು ಹೆಚ್ಚಳ ಹತ್ತು ಸಾವಿರ ಗುಣಿಸು ಹತ್ತು ಸಾವಿರ, ಅಂದರೆ ಹತ್ತು ಕೋಟಿ ಪಟ್ಟು. 1997ರಲ್ಲಿ ಎರಡು ಪ್ರತ್ಯೇಕ ತಂಡಗಳು ಒಂದೇ ಒಂದು ಅಣುವಿನ ರಾಮನ್ ರೋಹಿತವನ್ನು ದಾಖಲಿಸಿದವು. ಅಬೆ ಹೇಳಿದ ಮಿತಿಯನ್ನು ಇಲ್ಲಿ ಯಾರೂ ಮುರಿದಿಲ್ಲ; ಮಸೂರದ ಬದಲು ಲೋಹದ ಎಲೆಕ್ಟ್ರಾನುಗಳ ಮೂಲಕ ಬೆಳಕಿನ ಶಕ್ತಿಯನ್ನು ಸಂದಿಗೆ ಇಳಿಸಿ, ಮಿತಿಯನ್ನು ಬಳಸಿಕೊಂಡು ಹೋಗಿದ್ದಾರೆ.

ಈ ವಿಧಾನದ ಬಗ್ಗೆ ಕರ್ನಾಟಕದಲ್ಲೂ ಕೆಲಸ ನಡೆದಿದೆ. ಬೆಂಗಳೂರಿನ ಜಕ್ಕೂರಿನಲ್ಲಿ 1989ರಲ್ಲಿ ಸ್ಥಾಪನೆಯಾದ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಚಂದ್ರಭಾಸ ನಾರಾಯಣ ಅವರ ತಂಡ ಬೆಳ್ಳಿ, ಚಿನ್ನದ ನ್ಯಾನೊಕಣಗಳನ್ನು ಬಳಸಿ ಪ್ರೋಟೀನುಗಳ ರಾಮನ್ ರೋಹಿತಗಳನ್ನು ಅಭ್ಯಸಿಸಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೊ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರದಲ್ಲಿ ಅಂಬರೀಷ್ ಘೋಷ್ ಅವರ ತಂಡ 2018ರಲ್ಲಿ ಇನ್ನೊಂದು ಬಗೆಯ ಸಾಧನವನ್ನು ಪ್ರಕಟಿಸಿತು. ದ್ರವದಲ್ಲಿ ಕಾಂತಕ್ಷೇತ್ರದ ನೆರವಿನಿಂದ ತಿರುಪಿನಂತೆ ಈಜುವ ಸೂಕ್ಷ್ಮ ರಚನೆಗೆ ಬೆಳ್ಳಿಯನ್ನು ಅಳವಡಿಸಿ, ಅದರ ಬಳಿ ಕೇಂದ್ರೀಕೃತವಾಗುವ ಬೆಳಕಿನಿಂದ ಸಣ್ಣ ಕಣಗಳನ್ನು ಹಿಡಿದು, ಬೇರೆಡೆಗೆ ಒಯ್ದು ಬಿಡುವ ಚಿಮುಟ ಅದು.

ಲೋಹ ಕೇಳುವ ಸುಂಕ

ಇಷ್ಟೆಲ್ಲ ಲಾಭವಿದ್ದರೆ ಕಂಪ್ಯೂಟರುಗಳಲ್ಲಿ ವಿದ್ಯುತ್ತಿನ ಬದಲು ಪ್ಲಾಸ್ಮಾನುಗಳೇ ಏಕೆ ಓಡಾಡುತ್ತಿಲ್ಲ? 2000ದ ದಶಕದಲ್ಲಿ ಹಾಗೆ ಆಗುತ್ತದೆಂಬ ಭರವಸೆ ದೊಡ್ಡದಾಗಿತ್ತು. ಅಡ್ಡಬಂದದ್ದು ಲೋಹದ ಸ್ವಭಾವ. ತೂಗಾಡುವ ಎಲೆಕ್ಟ್ರಾನುಗಳು ಪರಮಾಣುಗಳಿಗೆ ಮತ್ತು ತಮ್ಮತಮ್ಮೊಳಗೆ ಡಿಕ್ಕಿ ಹೊಡೆಯುತ್ತವೆ. ಕಣದಲ್ಲಿನ ಪ್ಲಾಸ್ಮಾನ್ ಸೆಕೆಂಡಿನ ಹತ್ತು ಲಕ್ಷ ಕೋಟಿಯ ಒಂದು ಭಾಗಕ್ಕಿಂತಲೂ ಬಹಳ ಬೇಗ ಶಾಖವಾಗಿ ಮುಗಿದುಹೋಗುತ್ತದೆ. ಗೋಚರ ಬೆಳಕಿನ ಪ್ಲಾಸ್ಮಾನ್ ಚಿನ್ನದ ಪದರದ ಮೇಲೆ ಕೆಲವು ಅಥವಾ ಕೆಲವು ಹತ್ತು ಮೈಕ್ರೊಮೀಟರ್ ಸಾಗುವಷ್ಟರಲ್ಲಿ ಸೊರಗುತ್ತದೆ. ಗಾಜಿನ ತಂತುವಿನಲ್ಲಿ ಬೆಳಕು ಕಿಲೋಮೀಟರುಗಟ್ಟಲೆ ಹೋಗುವುದಕ್ಕೆ ಇದನ್ನು ಹೋಲಿಸಿ. ಚಿಕ್ಕ ಜಾಗಕ್ಕೆ ಬೆಳಕನ್ನು ಇಳಿಸಿದ್ದಕ್ಕೆ ಲೋಹ ಸುಂಕ ವಸೂಲು ಮಾಡುತ್ತದೆ.

ಜಾಣತನವೆಂದರೆ ಆ ಸುಂಕವನ್ನೇ ಬಳಸಿಕೊಳ್ಳುವುದು. ಶಾಖವೇ ಬೇಕಾದ ಕಡೆ ಇದು ವರ. ಹೊಸ ಬಗೆಯ ಹಾರ್ಡ್ ಡಿಸ್ಕುಗಳಲ್ಲಿ ಚಿನ್ನದ ಸೂಕ್ಷ್ಮ ಆಂಟೆನಾ ಲೇಸರ್ ಬೆಳಕನ್ನು ಕೆಲವು ಹತ್ತು ನ್ಯಾನೊಮೀಟರ್ ಜಾಗಕ್ಕೆ ಇಳಿಸಿ, ಆ ಚುಕ್ಕೆಯನ್ನು ಕ್ಷಣಕಾಲ ಕಾಯಿಸುತ್ತದೆ. ಕಾದ ಚುಕ್ಕೆಯಲ್ಲಿ ಮಾತ್ರ ಕಾಂತೀಯ ಮಾಹಿತಿ ಬರೆಯಲ್ಪಡುತ್ತದೆ. ಸೀಗೇಟ್ ಕಂಪನಿ 2024ರಲ್ಲಿ ಇಂಥ 30 ಟೆರಾಬೈಟ್ ಸಾಮರ್ಥ್ಯದ ಡಿಸ್ಕುಗಳನ್ನು ಪ್ರಕಟಿಸಿತು. ವೈದ್ಯಕೀಯದಲ್ಲಿ, ಸಿಲಿಕಾ ಗೋಲದ ಮೇಲೆ ಚಿನ್ನದ ಚಿಪ್ಪು ಹೊದಿಸಿದ ಕಣಗಳನ್ನು ಗಡ್ಡೆಯಲ್ಲಿ ಸೇರಿಸಿ ಅವಕೆಂಪು ಬೆಳಕಿನಿಂದ ಕಾಯಿಸುವ ಪ್ರಯತ್ನ ನಡೆದಿದೆ. ಪ್ರಾಸ್ಟೇಟ್ ಕ್ಯಾನ್ಸರಿನ 16 ರೋಗಿಗಳ ಮೇಲಿನ ಪ್ರಾಥಮಿಕ ಪ್ರಯೋಗದ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಅಷ್ಟು ಚಿಕ್ಕ ಸಂಖ್ಯೆಯ ಪ್ರಯೋಗದಿಂದ ಅದನ್ನು ಸಿದ್ಧ ಚಿಕಿತ್ಸೆ ಎಂದು ಕರೆಯಲಾಗದು.

ಈ ಎಚ್ಚರ ಎಲ್ಲೆಡೆಯೂ ಬೇಕು. "ನ್ಯಾನೊ" ಎಂಬ ಪದವನ್ನು ಅಂಟಿಸಿ ನೀರಿನ ಫಿಲ್ಟರ್, ಮುಲಾಮು, ಗೊಬ್ಬರ ಎಲ್ಲವನ್ನೂ ಮಾರುವ ಕಾಲವಿದು. ಅವುಗಳಲ್ಲಿ ಒಳ್ಳೆಯವೂ ಇರಬಹುದು. ಕೇಳಬೇಕಾದ ಪ್ರಶ್ನೆ ಒಂದೇ: ಕಣ ಏನು ಮಾಡುತ್ತದೆ, ಅದನ್ನು ಅಳೆದು ತೋರಿಸಿದ್ದಾರೆಯೇ? ಈ ಪ್ರಶ್ನೆ ಕೇಳಲು ಕಲಿಯುವುದಕ್ಕೆ ನಾಲ್ಕು ಪ್ರನಾಳಗಳ ಪ್ರಯೋಗಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ಕಂಡಿಲ್ಲ. ಸಕ್ಕರೆ ನೀರಿನ ಪ್ರನಾಳ ಇಲ್ಲದಿದ್ದರೆ ಉಪ್ಪು ನೀರಿನ ಪ್ರನಾಳಕ್ಕೆ ಅರ್ಥವಿಲ್ಲ. ಉಪ್ಪು ನೀರಿನ ಪ್ರನಾಳ ಇಲ್ಲದಿದ್ದರೆ ಬೋರ್ ನೀರಿನ ನೀಲಿಯನ್ನು ನಾವು ವಿಷವೆಂದು ತಪ್ಪು ತಿಳಿದೇವು.

ಇಂಥ ಪ್ರಯೋಗಗಳಿಗೆ ಬೆಂಗಳೂರಿಗೇ ಹೋಗಬೇಕಾಗಿಲ್ಲ. ನಮ್ಮ ನೆರೆಯ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಳಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವಿದೆ. ವಿಜ್ಞಾನ ಶಿಕ್ಷಕರಿಗೆ ಪ್ರಯೋಗಗಳ ತರಬೇತಿ ನೀಡುವ ಕೇಂದ್ರವೂ ಅಲ್ಲಿದೆ. ಕ್ಲೋರೊಆರಿಕ್ ಆಮ್ಲ ಸಿಗದ ಶಾಲೆಯ ಶಿಕ್ಷಕರು ಔಷಧಿ ಅಂಗಡಿಯಿಂದ ಒಂದು ಹೊಸ ಗರ್ಭಧಾರಣೆ ಪರೀಕ್ಷೆಯ ಪಟ್ಟಿಯನ್ನು ತಂದು ಶುದ್ಧ ನೀರಿನ ಹನಿಗಳನ್ನು ಹಾಕಲಿ. ಕೆಂಪು ಮೋಡದಂಥದೊಂದು ಪಟ್ಟಿಯ ಉದ್ದಕ್ಕೂ ಹರಿದುಹೋಗುವುದನ್ನು ವಿದ್ಯಾರ್ಥಿಗಳು ಭೂತಗನ್ನಡಿಯಲ್ಲಿ ನೋಡಲಿ. ಅದು ಚಿನ್ನವೆಂದು ಹೇಳಿ, ಹಳದಿ ಏಕಲ್ಲ ಎಂದು ಕೇಳಿ. ಫ್ಯಾರಡೆ 1857ರಲ್ಲಿ ಕೇಳಿಕೊಂಡದ್ದು ಅದೇ ಪ್ರಶ್ನೆಯನ್ನು.